ಕುಂಬಳಕಾಯಿ ಕಳ್ಳನ ಹೆಗಲು

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬೂದುಗುಂಬಳದ ಮೇಲಿನ ಬಿಳಿಯ ಪುಡಿ ಹೊತ್ತವನ ಹೆಗಲಿಗೆ ಅಂಟುತ್ತದೆ ಎಂಬುದೇ ಈ ಗಾದೆಯ ಒಳಗುಟ್ಟು. ಗಾದೆ ಕಟ್ಟಿದವರು ಜಾಣರು, ಸಂದೇಹವಿಲ್ಲ. ಆದರೆ ಆ ದಿನ ಆ ಗುಂಪಿನಲ್ಲಿ ಕುಂಬಳಕಾಯಿ ಕದಿಯದ ಇನ್ನೆಷ್ಟು ಮಂದಿ ತಮ್ಮ ಹೆಗಲನ್ನು ನೋಡಿಕೊಂಡರು ಎಂಬುದನ್ನು ಮಾತ್ರ ಅವರು ಹೇಳದೆ ಬಿಟ್ಟರು. ನಮ್ಮ ಪರಿಚಯದ ಸಾಧುಗಳಲ್ಲಿ ಹಲವರು, "ಇಲ್ಲಿ ಯಾರೋ ಕಳ್ಳರಿದ್ದಾರೆ" ಎಂದೊಡನೆ ಬೆವರಿಳಿಸುವವರೇ. ನಿಜವಾದ ಕಳ್ಳನು ಆ ಹೊತ್ತಿಗೆ ಧೋತರ ಝಾಡಿಸಿಕೊಂಡು, ಎಲ್ಲರಿಗಿಂತ ಗಟ್ಟಿಯಾಗಿ "ಹುಡುಕಿರಿ, ಬಿಡಬೇಡಿರಿ" ಎನ್ನುತ್ತಿದ್ದರೂ ಇರಬಹುದು.

ಈ ಸಲದ ನಮ್ಮ ಪುಟಕ್ಕೆ ಆ ಹೆಗಲೇ ವಿಷಯ. ಎದುರಿಗಿರುವವನು ಸುಳ್ಳು ಹೇಳುತ್ತಿದ್ದಾನೆಂಬುದು ನಮಗೆ ಎಷ್ಟರ ಮಟ್ಟಿಗೆ ತಿಳಿಯುತ್ತದೆ? ಕೇಳಿ ನೋಡಿದರೆ ತನಗೆ ತಿಳಿಯುವುದಿಲ್ಲ ಎನ್ನುವವರು ಒಬ್ಬರೂ ಸಿಕ್ಕಲಾರರು. "ನನ್ನ ಮಗನ ಮುಖ ನೋಡಿದರೆ ಸಾಕು" ಎನ್ನುವಳು ತಾಯಿ. "ಗಿರಾಕಿ ಮೆಟ್ಟಲು ಹತ್ತುವಾಗಲೇ ಗೊತ್ತಾಗುತ್ತದೆ" ಎನ್ನುವನು ಅಂಗಡಿಕಾರ. ಸರಕಾರಿ ಕಚೇರಿಯಲ್ಲಿ ಮೇಜಿನ ಈಚೆಗೆ ಕೂತ ನಮ್ಮಂಥ ಗುಮಾಸ್ತರಂತೂ, ಅರ್ಜಿದಾರನು ಕೆಮ್ಮಿದ ರೀತಿಯಿಂದಲೇ ಅವನ ಕಾಗದಪತ್ರಗಳ ಗುಣವನ್ನು ಹೇಳಬಲ್ಲೆವೆಂದು ನಂಬಿಕೊಂಡ ಜಾತಿ.

ಈ ನಂಬಿಕೆಯನ್ನು ಪರೀಕ್ಷಿಸಿದವರಿದ್ದಾರೆ. ಅಮೇರಿಕೆಯ ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪೌಲೊ ಎಂಬ ಮನಶ್ಶಾಸ್ತ್ರಜ್ಞರು ಅಲ್ಲಿಯವರೆಗೆ ನಡೆದಿದ್ದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2006ರಲ್ಲಿ ಲೆಕ್ಕ ಹಾಕಿದರು. ನಿಜ ಹೇಳುವವರನ್ನೂ ಸುಳ್ಳು ಹೇಳುವವರನ್ನೂ ಬೆರೆಸಿ ತೋರಿಸಿ, ಯಾರು ಯಾವ ಕಡೆಯವರು ಎಂದು ಇಪ್ಪತ್ತನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿದ ಫಲ ಅದರಲ್ಲಿತ್ತು. ಸರಿಯಾದ ಉತ್ತರಗಳು ನೂರಕ್ಕೆ 54. ಕಣ್ಣು ಮುಚ್ಚಿಕೊಂಡು ನಾಣ್ಯ ಚಿಮ್ಮಿದರೂ 50 ಬರುತ್ತದೆ! ಅಂದರೆ ನಮ್ಮ ಅನುಭವ, ವಯಸ್ಸು, ಲೋಕಜ್ಞಾನ ಇವೆಲ್ಲ ಕೂಡಿ ಗಳಿಸಿದ್ದು ಬರಿಯ ನಾಲ್ಕು ಅಂಕ. ಪೋಲೀಸರು, ನ್ಯಾಯಾಧೀಶರು, ಮನೋವೈದ್ಯರು ಇದರಲ್ಲಿ ಮೇಲಾಗಿರಬಹುದೆಂದು ವಾಚಕರು ಭಾವಿಸಬಹುದು. 1991ರಲ್ಲಿ ಪಾಲ್ ಎಕ್‌ಮನ್ ಮತ್ತು ಮಾರೀನ್ ಓಸಲಿವನ್ ಎಂಬವರು ಇಂಥ 509 ಜನರನ್ನು ಪರೀಕ್ಷಿಸಿದಾಗ, ಅಮೇರಿಕೆಯ ಅಧ್ಯಕ್ಷರ ಬೆಂಗಾವಲಿನ ಗುಪ್ತದಳದವರು ಮಾತ್ರ ಊಹೆಗಿಂತ ಮೇಲೇರಿದರು. ಉಳಿದ ಪಂಡಿತರೆಲ್ಲ ಕಾಲೇಜಿನ ಹುಡುಗರ ಸಾಲಿನಲ್ಲಿಯೇ ನಿಂತರು. ಇನ್ನೂ ತಮಾಷೆಯೆಂದರೆ, "ನನಗೆ ಖಾತ್ರಿ ಇದೆ" ಎಂದು ಹೇಳಿದವರ ಖಾತ್ರಿಗೂ ಅವರ ಉತ್ತರ ಸರಿಯಾಗಿರುವುದಕ್ಕೂ ಸಂಬಂಧ ಇಲ್ಲವೆನ್ನುವಷ್ಟು ಕಡಮೆ.

ಹಾಗಾದರೆ ನಾವು ಯಾವುದನ್ನು ನೋಡಿ ಮೋಸ ಹೋಗುತ್ತೇವೆ? ಮುಖ್ಯವಾಗಿ ಕಣ್ಣನ್ನು. ಸುಳ್ಳುಗಾರನನ್ನು ಹೇಗೆ ಗುರುತಿಸುವಿರಿ ಎಂದು 58 ದೇಶಗಳ 2,320 ಜನರನ್ನು ಕೇಳಿದ ಇನ್ನೊಂದು ಅಧ್ಯಯನವೂ 2006ರಲ್ಲಿಯೇ ಪ್ರಕಟವಾಯಿತು. ನೂರಕ್ಕೆ ಸುಮಾರು 64 ಮಂದಿ ಕೊಟ್ಟ ಉತ್ತರ ಒಂದೇ: ಅವನು ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವುದಿಲ್ಲ. ಭಾಷೆ, ಮತ, ಉಡುಪು, ಊಟ ಯಾವುದರಲ್ಲಿಯೂ ಒಂದಾಗದ ಲೋಕ ಇದೊಂದರಲ್ಲಿ ಒಂದಾಗಿದೆ, ಒಂದಾಗಿಯೇ ತಪ್ಪಿದೆ. ಸುಳ್ಳಿನ ಕುರುಹುಗಳೆಂದು ಹೇಳುವ 158 ಲಕ್ಷಣಗಳನ್ನು ಡಿಪೌಲೊ ಮತ್ತು ಅವರ ಸಂಗಡಿಗರು 2003ರಲ್ಲಿ ಸೋಸಿ ನೋಡಿದರು. ಬಹುಪಾಲು ಲಕ್ಷಣಗಳಿಗೆ ಸುಳ್ಳಿನೊಡನೆ ಸಂಬಂಧವೇ ಇಲ್ಲ, ಇಲ್ಲವೆ ಇದ್ದರೂ ತೀರ ಸಡಿಲ. ಕಣ್ಣು ತಪ್ಪಿಸುವುದೂ ಆ ಸಾಲಿನದೇ.

ನಮ್ಮ ಮನೆಗಳಲ್ಲಿ ಈ ಕಣ್ಣಿನ ಶಾಸ್ತ್ರಕ್ಕೆ ಇನ್ನೊಂದು ತೊಡಕಿದೆ. ಹಿರಿಯರು ಗದರಿಸುವಾಗ ತಲೆ ತಗ್ಗಿಸಿ ನಿಲ್ಲಬೇಕೆಂದು ಮಕ್ಕಳಿಗೆ ಕಲಿಸುವವರು ನಾವೇ. ತಲೆಯೆತ್ತಿ ನೋಡಿದರೆ "ಕಣ್ಣು ಬಿಡುತ್ತೀಯಾ?" ಎಂದು ಎರಡನೆಯ ಏಟು. ತಗ್ಗಿಸಿದರೆ "ಮುಖ ಎತ್ತಿ ಹೇಳು, ನಿಜ ಹೇಳುವವನು ಹೆದರುವುದೇಕೆ?" ಎಂದು ಮೂರನೆಯದು. ಮಗುವಿಗೆ ಮಾಡಲು ಉಳಿದದ್ದೇನು?

ಇವೆಲ್ಲ ಪಶ್ಚಿಮದವರು ಕಂಡುಹಿಡಿದ ಹೊಸ ಮಾತುಗಳೆಂದು ಯಾರಾದರೂ ತಿಳಿದರೆ ಅವರನ್ನು ನಾವು ಕಲ್ಯಾಣಕ್ಕೆ ಕರೆದೊಯ್ಯಬೇಕಾಗುತ್ತದೆ. ಮುಂಬಯಿಯ ಹತ್ತಿರದ ಕಲ್ಯಾಣವಲ್ಲ. ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣ. ಅಲ್ಲಿ 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದನು. ಬಂಗಾಲವೊಂದನ್ನು ಬಿಟ್ಟು ಹಿಂದುಸ್ಥಾನದ ಬಹುಭಾಗದಲ್ಲಿ ಅಣ್ಣತಮ್ಮಂದಿರ ಆಸ್ತಿಯ ಪಾಲು ಶತಮಾನಗಳವರೆಗೆ ನಡೆದದ್ದು ಆ ಗ್ರಂಥದ ಪ್ರಕಾರ. ಆದುದರಿಂದ ಅದರ ಹೆಸರು ವಕೀಲರಿಗೆಲ್ಲ ಗೊತ್ತು. ಸುಳ್ಳಿನ ಬಗೆಗೆ ಅದರಲ್ಲಿರುವ ಮಾತು ಅಷ್ಟು ಪ್ರಸಿದ್ಧವಲ್ಲ.

ಸಭೆಯ ಮುಂದೆ ನಿಂತ ಕಪಟಿಯ ಲಕ್ಷಣಗಳನ್ನು ಯಾಜ್ಞವಲ್ಕ್ಯ ಪಟ್ಟಿ ಮಾಡುತ್ತಾನೆ. ಅವನು ನಿಂತಲ್ಲಿ ನಿಲ್ಲದೆ ಅತ್ತಿತ್ತ ಸರಿಯುತ್ತಾನೆ, ಬಾಯಿಯ ಅಂಚುಗಳನ್ನು ನೆಕ್ಕುತ್ತಾನೆ, ಹಣೆ ಬೆವರುತ್ತದೆ, ಮುಖ ಬಣ್ಣಗೆಡುತ್ತದೆ, ಗಂಟಲಾರಿ ಮಾತು ತಡವರಿಸುತ್ತದೆ, ಒಂದಕ್ಕೊಂದು ತಾಳೆಯಾಗದ್ದನ್ನು ಆಡುತ್ತಾನೆ, ನೋಟಕ್ಕೆ ನೋಟ ಕೊಡುವುದಿಲ್ಲ, ತುಟಿ ಸೊಟ್ಟಗೆ ಮಾಡುತ್ತಾನೆ. ಇಂದಿನ ಪತ್ರಿಕೆಗಳಲ್ಲಿ ಬರುವ ದೇಹಭಾಷೆಯ ಪಾಠಗಳಲ್ಲಿ ಇದಕ್ಕಿಂತ ಹೆಚ್ಚಿನದು ನಮಗಂತೂ ಸಿಕ್ಕಿಲ್ಲ.

ವಿಜ್ಞಾನೇಶ್ವರನ ದೊಡ್ಡತನ ಇರುವುದು ಇದರ ಮೇಲೆ ಅವನು ಬರೆದ ಟೀಕೆಯಲ್ಲಿ. ಇಂಥ ಲಕ್ಷಣಗಳಿಂದ ತಪ್ಪಿರಬಹುದೆಂಬ ಸಂಶಯ ಮೂಡಬಹುದೇ ಹೊರತು ತಪ್ಪಿದೆಯೆಂದು ನಿಶ್ಚಯಿಸಲಾಗದು ಎನ್ನುತ್ತಾನೆ ಅವನು. ಕಾರಣವನ್ನೂ ಕೊಡುತ್ತಾನೆ: ಯಾವ ವಿಕಾರ ಆ ಮನುಷ್ಯನಿಗೆ ಹುಟ್ಟಿನಿಂದ ಬಂದದ್ದು, ಯಾವುದು ಆ ಹೊತ್ತಿನ ನಿಮಿತ್ತದಿಂದ ಬಂದದ್ದು ಎಂದು ಬೇರ್ಪಡಿಸಿ ತಿಳಿಯುವುದು ಕಷ್ಟ. ಆಯಿತು, ಯಾರೋ ಒಬ್ಬ ಸೂಕ್ಷ್ಮಬುದ್ಧಿಯವನಿಗೆ ಅದು ತಿಳಿಯಿತೆಂದೇ ಇಟ್ಟುಕೊಳ್ಳೋಣ. ಆಗಲೂ ಅಷ್ಟರಿಂದಲೇ ಸೋಲಿನ ತೀರ್ಪು ಕೊಡಕೂಡದು. ಸಾಯುವ ಚಿಹ್ನೆಗಳು ಕಂಡವೆಂದು ಇನ್ನೂ ಉಸಿರಾಡುತ್ತಿರುವವನಿಗೆ ಯಾರೂ ಉತ್ತರಕ್ರಿಯೆ ಮಾಡಿಬಿಡುವುದಿಲ್ಲ ಎಂದು ಹೋಲಿಕೆ ಕೊಡುತ್ತಾನೆ. ಒಂಬೈನೂರು ವರ್ಷಗಳ ಹಿಂದೆ, ನಮ್ಮ ಕಲ್ಯಾಣದಲ್ಲಿ ಕೂತು, ಬೆವರನ್ನೂ ಅಪರಾಧವನ್ನೂ ಬೇರೆ ಬೇರೆ ಮಾಡಿ ನೋಡಿದವನೊಬ್ಬನಿದ್ದನೆಂದರೆ ನಮಗೆ ಎದೆ ಉಬ್ಬುತ್ತದೆ. ಅದೇ ಗ್ರಂಥದಲ್ಲಿ ತಕ್ಕಡಿ, ಬೆಂಕಿ, ನೀರು, ವಿಷ, ಕೋಶ ಎಂಬ ಐದು ದಿವ್ಯಗಳ ವಿವರವೂ ದೀರ್ಘವಾಗಿ ಬರುತ್ತದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಕಾಲದ ಕಟ್ಟು ಎಲ್ಲರಿಗೂ ಇದೆ. ಕಳವಿನ ಸಂಶಯ ಬಂದವನಿಗೆ ಅಕ್ಕಿ ಅಗಿಯಲು ಕೊಡುವ ದಿವ್ಯವೊಂದು ಬೇರೆ ಸ್ಮೃತಿಗಳಲ್ಲಿದೆ. ಹೆದರಿದವನ ಬಾಯಿ ಒಣಗುತ್ತದೆ, ಅಕ್ಕಿ ಒದ್ದೆಯಾಗುವುದಿಲ್ಲ. ಅದು ಹೆದರಿಕೆಯನ್ನು ಅಳೆಯುತ್ತದೆ. ಹೆದರಿಕೆ ಯಾತರದು ಎಂದು ಹೇಳುವುದಿಲ್ಲ.

ಸುಳ್ಳು ಪತ್ತೆ ಯಂತ್ರ ಎಂಬುದೂ ಈ ಅಕ್ಕಿಯ ಮೊಮ್ಮಗನೇ. ಉಸಿರು, ನಾಡಿ, ರಕ್ತದೊತ್ತಡ, ಅಂಗೈಯ ಬೆವರು ಇವನ್ನು ಅದು ಗೀಟೆಳೆದು ತೋರಿಸುತ್ತದೆ. ಸುಳ್ಳೆಂಬುದರ ಗೀಟು ಅದರಲ್ಲಿ ಬೇರೆಯಾಗಿಲ್ಲ. ಮಂಪರು ಪರೀಕ್ಷೆಯಲ್ಲಿ ಔಷಧ ಚುಚ್ಚಿ ಅರೆನಿದ್ದೆಯಲ್ಲಿ ಮಾತಾಡಿಸುತ್ತಾರೆ. ಖಾನಾಪುರದ ಅಬ್ದುಲ್ ಕರೀಮ್ ತೆಲಗಿಗೆ ಬೆಂಗಳೂರಿನಲ್ಲಿ ಇಂಥ ಪರೀಕ್ಷೆ ನಡೆದು ಅದರ ಚಿತ್ರಗಳು ಟೀವಿಯಲ್ಲಿಯೂ ಬಂದದ್ದನ್ನು ಹಲವರು ನೋಡಿರಬಹುದು. ನಮಗೆ ಅದರಲ್ಲಿ ತೋರಿದ ಸೋಜಿಗವೇ ಬೇರೆ. ಆ ಮನುಷ್ಯನ ಸುಳ್ಳು ಇದ್ದದ್ದು ಮುಖದಲ್ಲಲ್ಲ, ಛಾಪಾ ಕಾಗದದಲ್ಲಿ. ಅದು ವರ್ಷಗಟ್ಟಲೆ ಎಷ್ಟೋ ಮೇಜುಗಳನ್ನು ದಾಟಿ ಹೋಯಿತು. ಕೆಮ್ಮಿನಿಂದಲೇ ಗುರುತು ಹಿಡಿಯುವ ನಮ್ಮ ಜಾತಿಯವರು ಅದರ ಮೇಲೆ ಮುದ್ರೆ ಒತ್ತಿ ಕಳಿಸಿದರು.

ಇವೆಲ್ಲಕ್ಕಿಂತ ಗಂಭೀರವಾದದ್ದು ನಮ್ಮ ಪುಣೆಯಲ್ಲಿಯೇ ಆಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಚಿಕಿತ್ಸಾ ಮನಶ್ಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಸಿ. ಆರ್. ಮುಕುಂದನ್ ಎಂಬವರು ಮಿದುಳಿನ ವಿದ್ಯುತ್ತಿನ ಅಲೆಗಳನ್ನು ಅಳೆಯುವ ಒಂದು ಪರೀಕ್ಷೆಯನ್ನು ರೂಪಿಸಿದ್ದರು. ತಲೆಗೆ ತಂತಿಗಳ ಟೋಪಿ ಹಾಕಿ, ಅಪರಾಧದ ವಿವರಗಳನ್ನು ಒಂದೊಂದಾಗಿ ಓದಿ ಹೇಳುತ್ತಾರೆ. ಆರೋಪಿ ಬಾಯಿ ಬಿಡಬೇಕಾಗಿಲ್ಲ. ಕೇಳಿದ್ದು ಅವನು ಅನುಭವಿಸಿದ್ದೋ ಅಲ್ಲವೋ ಎಂಬುದನ್ನು ಮಿದುಳೇ ಹೇಳುತ್ತದೆ ಎಂಬುದು ಅದರ ವಾದ. 2008ರ ಜೂನಿನಲ್ಲಿ ಪುಣೆಯ ಸೆಶನ್ಸ್ ಕೋರ್ಟು ವಿಷವಿಕ್ಕಿ ಕೊಂದ ಆರೋಪದ ಮೇಲೆ ಒಬ್ಬ ತರುಣಿಗೆ ಜೀವಾವಧಿ ಶಿಕ್ಷೆ ಕೊಟ್ಟಾಗ, ಇತರ ಪುರಾವೆಗಳ ಜೊತೆಗೆ ಈ ಪರೀಕ್ಷೆಯ ಫಲವನ್ನೂ ಆಧಾರವಾಗಿ ಹಿಡಿಯಿತು. ಪರದೇಶದ ಪತ್ರಿಕೆಗಳವರೆಗೂ ಸುದ್ದಿ ಮುಟ್ಟಿತು. ಆಮೇಲೆ ಮುಂಬಯಿ ಹೈಕೋರ್ಟು ಆಕೆಗೆ ಜಾಮೀನು ಕೊಟ್ಟಿತು. ಅದೇ 2008ರಲ್ಲಿ ನಿಮ್ಹಾನ್ಸಿನ ಆಗಿನ ನಿರ್ದೇಶಕ ಡಾ. ಡಿ. ನಾಗರಾಜ ಅವರ ಅಧ್ಯಕ್ಷತೆಯ ತಜ್ಞರ ಸಮಿತಿ, ಇಂಥ ಮಿದುಳು ಪರೀಕ್ಷೆಗಳಿಗೆ ಶಾಸ್ತ್ರದ ಬಲ ಸಾಲದು, ಇವನ್ನು ಕೋರ್ಟಿನಲ್ಲಿ ಪುರಾವೆಯಾಗಿ ಬಳಸಕೂಡದು ಎಂದು ವರದಿ ಕೊಟ್ಟಿತು. ಪರೀಕ್ಷೆ ಹುಟ್ಟಿಸಿದವರೂ ಆ ಸಂಸ್ಥೆಯಲ್ಲಿದ್ದವರು, ಬೇಡವೆಂದವರೂ ಅದೇ ಸಂಸ್ಥೆಯವರು; ವಿದ್ಯೆ ಬೆಳೆಯುವ ದಾರಿ ಹೀಗೆಯೇ ಇರಬೇಕು.

ಕೊನೆಗೆ 2010ರ ಮೇ 5ರಂದು ಸುಪ್ರೀಮ್ ಕೋರ್ಟು ಸೆಲ್ವಿ ವಿರುದ್ಧ ಕರ್ನಾಟಕ ಸರಕಾರ ಎಂಬ ಮೊಕದ್ದಮೆಯಲ್ಲಿ ತೀರ್ಪು ಹೇಳಿತು. ಒಪ್ಪಿಗೆಯಿಲ್ಲದೆ ಯಾರ ಮೇಲೂ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಯಂತ್ರ, ಮಿದುಳು ಪರೀಕ್ಷೆಗಳನ್ನು ನಡೆಸುವಂತಿಲ್ಲ. ಒಪ್ಪಿ ಮಾಡಿಸಿಕೊಂಡರೂ ಅದರ ಫಲವೇ ಸಾಕ್ಷ್ಯವಾಗದು, ಅದರ ಜಾಡಿನಿಂದ ಬೇರೆ ವಸ್ತುವೋ ಸಂಗತಿಯೋ ಪತ್ತೆಯಾದರೆ ಅದನ್ನು ಕಾನೂನಿನಂತೆ ಪರಿಗಣಿಸಬಹುದು. ವಿಜ್ಞಾನೇಶ್ವರನು ಆ ಪೀಠದಲ್ಲಿ ಕೂತಿದ್ದರೆ ತಲೆದೂಗುತ್ತಿದ್ದನೆಂದು ನಮಗೆ ತೋರುತ್ತದೆ.

ಇಷ್ಟೆಲ್ಲ ಬರೆಯಲು ಪ್ರೇರಣೆಯಾದದ್ದು ಮಾತ್ರ ನಮ್ಮೂರಿನ ಸಣ್ಣ ಸಂಗತಿ. (ನಮ್ಮೂರೆಂದರೆ ಘೋಡನದಿಯ ದಂಡೆಯ ಶಿರೂರು. ಊರಿನಿಂದ ಕಾಗದ ಬರೆಯುವ ನೆಂಟರು ಇದನ್ನು ಉಡುಪಿ ಜಿಲ್ಲೆಯ ಶಿರೂರೆಂದೋ ಬಾಗಿಲಕೋಟೆಯ ಶಿರೂರೆಂದೋ ತಿಳಿದು, ಇಷ್ಟು ಹತ್ತಿರವಿದ್ದೂ ಹಬ್ಬಕ್ಕೆ ಬರಲಿಲ್ಲವೆಂದು ಸಿಟ್ಟಾಗುತ್ತಾರೆ.) ಇಲ್ಲಿಯ ಪೇಟೆಯ ಒಂದು ಅಂಗಡಿಯಲ್ಲಿ ಇಂಡಿ ತಾಲೂಕಿನ ಕಡೆಯ ಹುಡುಗನೊಬ್ಬ ಕೆಲಸಕ್ಕಿದ್ದ. ವಯಸ್ಸು ಹತ್ತೊಂಬತ್ತು, ಊರು ಬಿಟ್ಟು ನಾಲ್ಕು ತಿಂಗಳಾಗಿತ್ತು. ಒಂದು ಸಂಜೆ ಗಲ್ಲೆಯಲ್ಲಿ ನಾಲ್ಕು ಸಾವಿರ ರೂಪಾಯಿ ಕಡಮೆ ಬಿತ್ತು. ಮಾಲಕರು ಕರೆದು ಮರಾಠಿಯಲ್ಲಿ ಕೇಳಿದರು. ಹುಡುಗ ನೆಲ ನೋಡಿದ, ಬೆವರಿದ, ಮಾತು ತಡವರಿಸಿದ. ಮೊದಲು ಗಲ್ಲೆಯ ಹತ್ತಿರ ಹೋಗಿಲ್ಲವೆಂದ, ಆಮೇಲೆ ಹೋಗಿದ್ದೆನೆಂದ. ಅಲ್ಲಿಗೆ ಎಲ್ಲ ಮುಗಿದಂತೆಯೇ. ಅಂಗಡಿಯ ಮುಂದೆ ನೆರೆದ ಹತ್ತು ಮಂದಿಗೂ ಅವನ ಮುಖದಲ್ಲಿ ನಾಲ್ಕು ಸಾವಿರವೂ ಎದ್ದು ಕಾಣತೊಡಗಿತು.

ನಮ್ಮ ಸಂಘದ ಹಿರಿಯರೊಬ್ಬರು ಸುದ್ದಿ ತಿಳಿದು ಹೋದರು. ಅವರು ಹುಡುಗನ ಪರವಾಗಿ ಆಣೆ ಹಾಕಲಿಲ್ಲ, ಅವನ ಮುಖವನ್ನೂ ಪರೀಕ್ಷಿಸಲಿಲ್ಲ. "ನಾಳೆ ಮಧ್ಯಾಹ್ನದವರೆಗೆ ತಾಳಿರಿ, ಇವತ್ತಿನ ಚೀಟಿಗಳನ್ನೂ ವಹಿಯನ್ನೂ ಕೂಡಿಸಿ ನೋಡೋಣ" ಎಂದು ಮಾಲಕರನ್ನು ಕೇಳಿಕೊಂಡರು. ಆ ಮಾಲಕರೂ ಒಳ್ಳೆಯವರು, ಒಪ್ಪಿದರು. ಮರುದಿನ ಹನ್ನೊಂದಕ್ಕೆ ಲೆಕ್ಕ ಸಿಕ್ಕಿತು. ಸರಕು ಇಳಿಸಿ ಹೋದ ಟೆಂಪೋದವನಿಗೆ ಮನೆಯವರೇ ಗಲ್ಲೆಯಿಂದ ತೆಗೆದುಕೊಟ್ಟು ಬರೆಯಲು ಮರೆತಿದ್ದರು.

ನೆಲ ನೋಡುತ್ತ ನಿಂತದ್ದೇಕೆಂದು ನಾವು ಹುಡುಗನನ್ನು ಕೇಳಿದೆವು. "ಮಾಲಕರ ಮಾರಿ ಹ್ಯಾಂಗ ನೋಡೂದ್ರಿ ಕಾಕಾ, ದೊಡ್ಡವರು" ಎಂದ. ಎರಡು ಮಾತು ಏಕೆ ಆಡಿದೆಯೆಂದರೆ, ಮೊದಲ ಸಲ ಕೇಳಿದ್ದು ಗಲ್ಲೆಯ ಬಗೆಗೋ ಗಲ್ಲಿಯ ಬಗೆಗೋ ಅವನಿಗೆ ಗೊತ್ತಾಗಿರಲಿಲ್ಲ! ಅಂಗಡಿಯ ಹಿಂದಿನ ಗಲ್ಲಿಗೆ ಅವನು ಹೋಗಿರಲಿಲ್ಲ. ಗಲ್ಲೆಯ ಹತ್ತಿರ ಕಸ ಗುಡಿಸಲು ಹೋಗಿದ್ದ. ಎರಡೂ ನಿಜವೇ. ಮಾಲಕರು ಅವನನ್ನು ಇಟ್ಟುಕೊಳ್ಳಲು ಸಿದ್ಧರಿದ್ದರು, ಆದರೆ ಹುಡುಗ ನಿಲ್ಲಲಿಲ್ಲ. ಆ ಹತ್ತು ಮಂದಿ ದಿನಾಲು ಆ ಬೀದಿಯಲ್ಲಿ ಓಡಾಡುವವರು. ಅವರಾರೂ ಮರುದಿನದ ಲೆಕ್ಕ ಕೇಳಲು ಬಂದವರಲ್ಲ.

ಪರಭಾಷೆಯ ನಾಡಿನಲ್ಲಿ ಬಾಳುವ ನಮಗೆ ಈ ವಿಷಯ ಕೇವಲ ಮನಶ್ಶಾಸ್ತ್ರವಲ್ಲ. ತನ್ನದಲ್ಲದ ನುಡಿಯಲ್ಲಿ ಮಾತಾಡುವವನು ಪದ ಹುಡುಕುತ್ತಾನೆ, ನಡುವೆ ನಿಲ್ಲುತ್ತಾನೆ, ಹೇಳಿದ್ದನ್ನು ತಿದ್ದುತ್ತಾನೆ; ಲೋಕ ಸುಳ್ಳಿಗೆ ಹೇಳುವ ಲಕ್ಷಣಗಳೂ ಇವೇ. ಕೆನಡಾದಲ್ಲಿ 2013ರಲ್ಲಿ ಇದನ್ನೇ ಪರೀಕ್ಷಿಸಿದ್ದಾರೆ: ತಾಯ್ನುಡಿಯಲ್ಲಿ ಮಾತಾಡಿದವರಿಗೆ ನೋಡುಗರು ಕೊಟ್ಟಷ್ಟು ನಂಬಿಕೆಯನ್ನು ಕಲಿತ ನುಡಿಯಲ್ಲಿ ಮಾತಾಡಿದವರಿಗೆ ಕೊಡಲಿಲ್ಲ. ಇದು ಮರಾಠಿಗರ ದೋಷವೆಂದು ಯಾರೂ ಗಂಟು ಹಾಕಬಾರದು. ಬೆಂಗಳೂರಿನಲ್ಲಿ ಹರಕು ಮುರುಕು ಕನ್ನಡ ಆಡುವ ಬಿಹಾರದ ಕೂಲಿಯನ್ನು ನಮ್ಮವರು ನೋಡುವ ಕಣ್ಣೂ ಇದೇ. ಕೋರ್ಟಿನಲ್ಲಿ ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ ಅವನಿಗೆ ತಿಳಿಯುವ ಭಾಷೆಯಲ್ಲಿ ಅದನ್ನು ವಿವರಿಸಿ ಹೇಳಬೇಕೆಂಬ ಕಾನೂನು ಉಂಟು. ಅಂಗಡಿಯ ಕಟ್ಟೆಗೆ, ಠಾಣೆಯ ಬಾಗಿಲಿಗೆ, ಶಾಲೆಯ ಹೆಡ್‌ಮಾಸ್ತರರ ಕೋಣೆಗೆ ಅಂಥದೇನೂ ಇಲ್ಲ. ರಾಂಜಣಗಾಂವದ ಕಾರಖಾನೆಗಳಿಗೆ ವರ್ಷವರ್ಷವೂ ಹೊಸ ಹುಡುಗರು ಬರುತ್ತಿದ್ದಾರೆ. ಇಂಥ ಸಮಯದಲ್ಲಿ ಜೊತೆಗೆ ಹೋಗಿ ಎರಡೂ ಭಾಷೆಯಲ್ಲಿ ಮಾತಾಡಬಲ್ಲ ನಾಲ್ಕು ಜನರ ಹೆಸರನ್ನು ಸಂಘದ ಫಲಕದ ಮೇಲೆ ಬರೆದಿಡಬೇಕೆಂದು ನಮ್ಮ ಸೂಚನೆ; ಕಾರ್ಯಕಾರಿ ಮಂಡಲಿಯವರು ಮುಂದಿನ ಸಭೆಯಲ್ಲಿ ಎತ್ತಿಕೊಳ್ಳಲಿ.

ಮುಖ ನೋಡಿ ತಿಳಿಯದಿದ್ದರೆ ಮತ್ತೆ ಹೇಗೆ ತಿಳಿಯುವುದು? ಆ ಹಿರಿಯರು ಮಾಡಿದಂತೆ, ವಹಿ ನೋಡಿ. ಸ್ವೀಡನ್ನಿನಲ್ಲಿ ಪೋಲೀಸ ತರಬೇತಿಯ ತರುಣರಿಗೆ ಒಂದು ಉಪಾಯ ಕಲಿಸಿ 2006ರಲ್ಲಿ ಫಲ ಪ್ರಕಟಿಸಿದರು. ಕೈಯಲ್ಲಿರುವ ಪುರಾವೆಯನ್ನು ಮೊದಲೇ ಬಿಚ್ಚಬಾರದು. "ಎಲ್ಲೆಲ್ಲಿ ಹೋಗಿದ್ದೆ, ಏನೇನು ಮಾಡಿದೆ" ಎಂದು ಅವನ ಬಾಯಿಂದಲೇ ವಿವರವಾಗಿ ಹೇಳಿಸಿ, ಆಮೇಲೆ ಪುರಾವೆಯೊಡನೆ ತಾಳೆ ನೋಡಬೇಕು. ಕಲಿತವರು ನೂರಕ್ಕೆ 85 ಸಲ ಸರಿ ಹೇಳಿದರು, ಕಲಿಯದವರು 56 ಸಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದಕ್ಕೆ ಅಂಕಿ ಸಂಖ್ಯೆ ಸಿಕ್ಕಿತು, ಅಷ್ಟೆ. ಗೋವಿನ ಹಾಡಿನ ಹುಲಿ ಕೂಡ ಪುಣ್ಯಕೋಟಿಯ ಕಣ್ಣು ನೋಡಿ ತೀರ್ಪು ಕೊಟ್ಟದ್ದಲ್ಲ. ಅವಳು ತಿರುಗಿ ಬಂದಾಗಲೇ ಅದಕ್ಕೆ ಸತ್ಯ ತಿಳಿದದ್ದು.

ಇನ್ನೊಂದು ಮಗ್ಗುಲನ್ನೂ ಹೇಳಿಬಿಡಬೇಕು. ಬಡ ಹುಡುಗನನ್ನು ಸುಳ್ಳನೆಂದು ಬಗೆಯುವ ನಾವೇ, ಬೇರೆ ಕಡೆಯಲ್ಲಿ ಕೇಳಿದ್ದನ್ನೆಲ್ಲ ನಂಬುವ ಸ್ವಭಾವದವರು. ಇದೂ ಲೋಕಕ್ಕೆಲ್ಲ ಸಮಾನ. ಕೇಳಿದ ಮಾತು ನಿಜವೆಂದು ಹಿಡಿದೇ ಮನುಷ್ಯರ ವ್ಯವಹಾರ ಸಾಗುತ್ತದೆ ಎಂದು ತಿಮೊತಿ ಲೆವಿನ್ ಎಂಬ ಪ್ರಾಧ್ಯಾಪಕರು 2019ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದಿದ್ದಾರೆ. ನಂಬದಿದ್ದರೆ ಹಾಲಿನವನೊಡನೆ ಕೂಡ ಬಾಳಲಾಗದು. ಆದರೆ ಈ ನಂಬಿಕೆಯ ಮೇಲೆಯೇ ಬದುಕುವ ಠಕ್ಕರು ಈಗ ಫೋನಿನಲ್ಲಿ ಬರುತ್ತಾರೆ. ಖಾಕಿ ತೊಟ್ಟು, ಹಿಂದೆ ಠಾಣೆಯ ಚಿತ್ರ ಇಟ್ಟುಕೊಂಡು, ಕಣ್ಣಿಗೆ ಕಣ್ಣು ಕೊಟ್ಟು, ಒಂದೂ ಮಾತು ತಡವರಿಸದೆ, "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಫೋನು ಇಡಬೇಡಿರಿ" ಎನ್ನುತ್ತಾರೆ. ಅಂಥ ಬಂಧನ ನಮ್ಮ ಕಾನೂನಿನಲ್ಲಿಯೇ ಇಲ್ಲವೆಂದು 2024ರ ಅಕ್ಟೋಬರದಲ್ಲಿ ಪ್ರಧಾನಮಂತ್ರಿಗಳೇ ಆಕಾಶವಾಣಿಯಲ್ಲಿ ಹೇಳಬೇಕಾಯಿತು. ಹಣ ಹೋದವರು ತಡಮಾಡದೆ 1930 ಎಂಬ ಸಂಖ್ಯೆಗೆ ತಿಳಿಸಬೇಕು.

ನಮ್ಮ ಬಳಗದ ಒಬ್ಬ ಅಜ್ಜಿಗೆ ಇಂಥ ಕರೆ ಬಂದಿತ್ತು, ಅದೂ ಅಚ್ಚ ಕನ್ನಡದಲ್ಲಿ. ನಿಮ್ಮ ಹೆಸರಿನ ಪಾರ್ಸಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ಬಂಧಿಸಿದ್ದೇವೆ ಎಂದರಂತೆ. ಅಜ್ಜಿ, "ಆಗಲಿ ತಮ್ಮಾ, ಸ್ವಲ್ಪ ತಡಿ" ಎಂದು ಫೋನನ್ನು ಹಿಟ್ಟಿನ ಡಬ್ಬಿಯ ಮೇಲೆ ಇಟ್ಟು ಒಳಗೆ ಹೋದವರು ಅರ್ಧ ಗಂಟೆ ಬರಲಿಲ್ಲ. ತಿರುಗಿ ನೋಡಿದಾಗ ಕರೆ ನಿಂತಿತ್ತು. ಅವನು ಠಕ್ಕನೆಂದು ಅಷ್ಟು ಬೇಗ ಹೇಗೆ ಗುರುತಿಸಿದಿರಿ ಎಂದು ನಾವು ಬಹಳ ಕುತೂಹಲದಿಂದ ಕೇಳಿದೆವು.

"ಖರೇನೋ ಸುಳ್ಳೋ ನನಗೇನ ಗೊತ್ತಪ್ಪಾ," ಎಂದರು ಅಜ್ಜಿ. "ಒಲಿ ಮ್ಯಾಲ ಹಾಲು ಉಕ್ಕಲಿಕ್ಕೆ ಬಂದಿತ್ತು."